ಭಾನುವಾರದ ಕೋಣೆಯಲ್ಲಿ ಆಡಿದ ಮಾತು

ಕಳೆದ ವಾರ ತಿಪಟೂರಿನ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿ ಮೂಗಿಗೆ ಹಿಡಿದುಕೊಂಡರು. ಆ ವಾಸನೆಗೆ ಎದುರು ಮನೆಯ ಅಕ್ಕನೇ ಬಂದು ಕೂತಂತಾಯಿತು. ಅಕ್ಕನಿಗೆ ಬಸ್ಸೆಂದರೆ ಆಗುತ್ತಿರಲಿಲ್ಲ. ನಮ್ಮ ಶೆಟ್ಟಿಕೆರೆ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೊಟ್ಟೆ ತೊಳಸುತ್ತಿತ್ತು. ಆದರೂ ಭಾನುವಾರ ಬಂತೆಂದರೆ ಅಂಥದ್ದೇ ಕರ್ಚೀಫು ಹಿಡಿದು, ನನ್ನನ್ನು ಕರೆದುಕೊಂಡು ಹೊರಡುತ್ತಿದ್ದರು...

ನಮ್ಮ ಯಜಮಾನರದು ಲಗೇಜ್ ಆಟೋ. ಊರಿನ ಕೊಬ್ಬರಿ ಮೂಟೆಗಳನ್ನು ತಿಪಟೂರಿನ ಮಾರ್ಕೆಟ್ಟಿಗೆ ಹಾಕಿ ಬರುವ ಕೆಲಸ. ಹೋಗುವಾಗ ಸರಿಯಾಗಿಯೇ ಹೋಗುತ್ತಿದ್ದರು, ಬರುವಾಗ ಕುಡಿದಿರುತ್ತಿದ್ದರು. ಬೀದಿಯವರಿಗೆ ಕೇಳಿಸಬಾರದೆಂದು ನಾನು ಬಾಗಿಲು ಹಾಕಿಕೊಂಡೇ ಅಳುತ್ತಿದ್ದೆ. ಒಂದು ದಿನ ನಲ್ಲಿಯ ಹತ್ತಿರ ಅಕ್ಕ ಬಿಂದಿಗೆ ಕೆಳಗಿಟ್ಟು ಹೇಳಿದರು: “ನಮ್ಮಣ್ಣನೂ ಹಿಂಗೇ ಇದ್ದ ಕಣೇ. ತಿಪಟೂರಲ್ಲಿ ಕುಡಿಯೋದು ಬಿಟ್ಟೋರೆಲ್ಲ ಒಂದ್ಕಡೆ ಸೇರ್ತಾರೆ. ಔಷಧಿ ಇಲ್ಲ, ಮಂತ್ರ ಇಲ್ಲ, ಕೂತು ಮಾತಾಡ್ತಾರೆ ಅಷ್ಟೇ. ಮನೆ ಹೆಂಗಸ್ರು ಕೂರೋಕೆ ಬೇರೆ ಕೋಣೆ ಐತೆ. ನಿನ್ ಗಂಡ ಬರ್ದಿದ್ರೆ ಬುಡು, ನೀನು ಬಾ.”

ಅದು ಒಂದು ಶಿಶುವಿಹಾರ. ಗೋಡೆಯ ತುಂಬ ಹಣ್ಣು, ತರಕಾರಿಗಳ ಚಿತ್ರ. ಒಂದು ಕೋಣೆಯಲ್ಲಿ ಗಂಡಸರು, ಇನ್ನೊಂದರಲ್ಲಿ ಚಾಪೆಯ ಮೇಲೆ ನಾವು. ಮೊದಮೊದಲು ನಮ್ಮವರು ನಕ್ಕರು. ಆಮೇಲೊಂದು ಭಾನುವಾರ, ಏನನ್ನಿಸಿತೋ, ನಮ್ಮ ಬಸ್ಸಿನ ಹಿಂದೆಯೇ ಆಟೋದಲ್ಲಿ ಬಂದರು. ಬಹಳ ಹೊತ್ತು ಗೇಟಿನ ಹತ್ತಿರ ನಿಂತಿದ್ದರು. ಒಳಗಿನಿಂದ ಯಾರೋ ಟೀ ಲೋಟ ಹಿಡಿದು ಬಂದು ಮಾತಾಡಿಸಿದರು, ಅವರ ಜೊತೆ ಒಳಗೆ ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಕ್ಕ ನನ್ನ ಕೈ ಹಿಸುಕಿದರು.

ಕುಡಿತ ಒಮ್ಮೆಗೇ ನಿಲ್ಲಲಿಲ್ಲ. ಬಿಟ್ಟರು, ಜಾರಿದರು, ಮತ್ತೆ ಬಿಟ್ಟರು. ಮಳೆಗಾಲ ಹಿಡಿಯುವ ಹೊತ್ತಿಗೆ ಸಂಜೆ ನೆಟ್ಟಗೆ ಮನೆಗೆ ಬರತೊಡಗಿದರು. ಅಷ್ಟು ದಿನ ಬಾಯಿ ಬಿಡದ ನಾನು ಆಗೊಂದು ಭಾನುವಾರ ಮಾತಾಡಿದೆ. ಅವರು ಕುಡಿಯುತ್ತಿದ್ದಾಗ, ಫೋನ್ ಬಂದಾಗಲೆಲ್ಲ, ಆಟೋ ಉರುಳಿ ಅವರು ಹೋದರೆಂಬ ಸುದ್ದಿಯೇ ಆಗಿರಲಿ ಎಂದು ಕಾಯುತ್ತಿದ್ದೆ. ಬೇರೇನೋ ಸುದ್ದಿಯಾದರೆ ಮೈಯೆಲ್ಲ ಸುಸ್ತಾಗುತ್ತಿತ್ತು. ಇದನ್ನು ಹೇಳಿ ತಲೆ ತಗ್ಗಿಸಿದೆ. ಯಾರೂ ಗಾಬರಿಯಾಗಲಿಲ್ಲ. ಮೂಲೆಯಲ್ಲಿದ್ದ ಅಜ್ಜಿಯೊಬ್ಬರು “ನಂಗೂ ಹಂಗೇ ಆಗ್ತಿತ್ತು ಕಣವ್ವ” ಎಂದರು. ಕೊನೆಗೆ ಎಂದಿನಂತೆ ಎಲ್ಲರೂ ಎದ್ದು ನಿಂತು, ಇಲ್ಲಿ ಕೇಳಿದ್ದನ್ನು ಇಲ್ಲೇ ಬಿಟ್ಟು ಹೋಗುತ್ತೇವೆ ಎಂದು ಒಟ್ಟಿಗೆ ಹೇಳಿದೆವು. ಅಕ್ಕನ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವರ ಭುಜಕ್ಕೊರಗಿ ನಿದ್ದೆ ಮಾಡಿದೆ. ಎಷ್ಟು ವರ್ಷವಾಗಿತ್ತೋ ಅಂಥ ನಿದ್ದೆ ಬಂದು...

ಹಬ್ಬ ಮುಗಿದ ಮೇಲೊಂದು ದಿನ ಊಟಕ್ಕೆ ಕೂತಿದ್ದ ನಮ್ಮವರು ತಟ್ಟೆಯಿಂದ ತಲೆ ಎತ್ತದೆ ಕೇಳಿದರು: “ಆಟೋ ಉರುಳ್ಲಿ ಅಂತ ಕಾಯ್ತಿದ್ಯಂತೆ.”

ಸಾರಿನ ಸೌಟು ಪಾತ್ರೆಗೆ ಬಿಟ್ಟು, ಯಾರು ಹೇಳಿದರೆಂದು ಕೇಳಿದೆ. ಅವರಿಗೆ ಹೇಳಿದ್ದು ಅತ್ತೆ. ಅತ್ತೆಗೆ ಹೇಳಿದ್ದು ಅಕ್ಕ. ನಮ್ಮದೇ ಜಗಲಿಯ ಮೇಲೆ ಕೂತು, ಹುಣಸೆಹಣ್ಣು ಬಿಡಿಸುತ್ತಾ.

ಅಕ್ಕನ ಮನೆಗೆ ಹೋದೆ. ಅವರೇನೂ ಮುಚ್ಚಿಡಲಿಲ್ಲ.

“ನಿಮ್ಮತ್ತೆ ನಿನ್ನ ಆಡ್ಕೋತಿದ್ರು. ನೀನು ಪಟ್ಟ ಪಾಡು ಗೊತ್ತಾಗ್ಲಿ ಅಂತ ಒಳ್ಳೇದಕ್ಕೇ ಅಂದೆ.”

“ಅಲ್ಲಿ ಹೇಳಿದ್ದನ್ನ ಇಲ್ಲಿ ಹೇಳ್ಬೋದಾ ಅಕ್ಕ?”

“ಯಾಕೆ, ನೀನು ಹೇಳಿದ್ದೇನು ಸುಳ್ಳಾ?”

ಎದ್ದು ಬಂದುಬಿಟ್ಟೆ.

ನಮ್ಮವರು ಆ ವಾರವೇ ಕುಡಿದರು. ಆಮೇಲೆ ತಾವಾಗಿಯೇ ತುರುವೇಕೆರೆಯಲ್ಲಿ ಇನ್ನೊಂದು ಕೂಟ ಹುಡುಕಿಕೊಂಡು ಹೋದರು. ಈಗ ಮುಟ್ಟುವುದಿಲ್ಲ. ಆದರೆ ಹೊರಗಿನಿಂದ ಫೋನ್ ಮಾಡಿದಾಗಲೆಲ್ಲ ಮೊದಲ ಮಾತು, “ಉರುಳಿಲ್ಲ ಕಣೇ, ಬತ್ತಾ ಇದೀನಿ.” ತಮಾಷೆಗೋ, ನೋವಿಗೋ, ಇವತ್ತಿಗೂ ನನಗೆ ಗೊತ್ತಿಲ್ಲ. ತಿಪಟೂರಿನ ಆ ಕೋಣೆಗೆ ನಾನು ಮತ್ತೆ ಒಂದೇ ಸಲ ಹೋದದ್ದು. ಅಕ್ಕ ಅದೇ ಚಾಪೆಯ ಮೇಲೆ ಕೂತು, ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳ ಬೆನ್ನು ಸವರುತ್ತಿದ್ದರು. ಬಾಗಿಲಿನಿಂದಲೇ ತಿರುಗಿ ಬಂದೆ.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ಸುದ್ದಿ ಬಂದಾಗ ನಮ್ಮವರೇ ಮೊದಲು ಅಂಗಿ ಹಾಕಿಕೊಂಡು ನಿಂತರು. “ನಡಿ, ಹೋಗಿ ಬರಾಣ. ಆಯಮ್ಮ ಇಲ್ದಿದ್ರೆ ನಾನು ಇರ್ತಿರ್ಲಿಲ್ಲ” ಎಂದರು. ಅಕ್ಕನ ಮೇಲೆ ಅವರಿಗೆ ಸಿಟ್ಟೇ ಇರಲಿಲ್ಲ. ಹೋದೆ. ಮುಖ ನೋಡಿದೆ. ನನಗೆ ಅಷ್ಟು ಮಾಡಿದ ಜೀವ, ಅಳಬೇಕೆಂದು ಕಾದೆ. ಅಳು ಬರಲಿಲ್ಲ.

ಈಗ ಆ ಮನೆಗೆ ಬಾಡಿಗೆಗೆ ಬೇರೆಯವರು ಬಂದಿದ್ದಾರೆ. ಆ ಹೆಂಗಸು ಹೆಪ್ಪಿಗೆ ಮೊಸರು ಕೇಳಲು ಬರುತ್ತಾಳೆ. ಒಳ್ಳೆಯವಳು, ಮಾತಿಗೆ ಹಾತೊರೆಯುತ್ತಾಳೆ. ಲೋಟ ತುಂಬಿ ಬಾಗಿಲಲ್ಲೇ ಕೊಡುತ್ತೇನೆ. ಒಳಗೆ ಬಂದು ಕೂತ್ಕೊಳ್ಳಿ ಅನ್ನುವಷ್ಟು ಬಾಯಿ ನನಗೆ ಇನ್ನೂ ಬಂದಿಲ್ಲ.