ಜ್ವಾಲಾಮುಖಿಯ ಅಂಚಿನಿಂದ ಬಂದ ಕರೆ

ಕಳೆದ ವರ್ಷ ಮೇ ತಿಂಗಳಿನ ಒಂದು ಶನಿವಾರ. ನಾನು ಐರ್ಲೆಂಡಿನ ಗಾಲ್ವೇ ಊರಿನ ಕೈಗಾರಿಕಾ ಬಡಾವಣೆಯಾದ ಪಾರ್ಕ್‌ಮೋರ್‌ನಲ್ಲಿ, ಹೃದಯದ ಚಿಕಿತ್ಸೆಗೆ ಬಳಸುವ ಸಣ್ಣ ಕೊಳವೆಗಳನ್ನು ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಅಂದು ಓವರ್‌ಟೈಮ್ ಇತ್ತು. ನನ್ನ ಪತಿ ಗಿರೀಶ್ ತಮ್ಮ ಆಫೀಸಿನ ಕೆಲಸದ ಮೇಲೆ ಜಪಾನಿಗೆ ಹೋಗಿದ್ದರು. ರಜೆಯ ದಿನವೆಂದು ಅವರು ಬಸ್ ಹಿಡಿದು ಒಂದು ಜ್ವಾಲಾಮುಖಿ ಬೆಟ್ಟ ನೋಡಲು ಹೊರಟಿದ್ದರು.

ಶಿಫ್ಟ್ ಶುರುವಾಗುವ ಮುಂಚೆ ನಾನು ಕ್ಯಾಂಟೀನಿನಲ್ಲಿ ಯುಮಿಯ ಜೊತೆ ಚಹಾ ಕುಡಿಯುತ್ತಿದ್ದೆ. ಯುಮಿ ಜಪಾನಿನವಳು, ಜ್ವಾಲಾಮುಖಿಯೊಂದರ ಬುಡದಲ್ಲಿರುವ ಊರಿನಲ್ಲಿ ಬೆಳೆದವಳು. ಇಲ್ಲಿಯವನನ್ನೇ ಮದುವೆಯಾಗಿ ಗಾಲ್ವೇಯಲ್ಲಿ ನೆಲೆಸಿದ್ದಾಳೆ. ನಮಗೆ ಬೆಳಗಿನ ಹೊತ್ತು, ಜಪಾನಿನಲ್ಲಿ ಮಧ್ಯಾಹ್ನ ಇಳಿಯುತ್ತಿತ್ತು. ಗಿರೀಶ್ ವೀಡಿಯೊ ಕರೆ ಮಾಡಿದರು.

"ನೋಡೇ, ನೋಡು! ಭೂಮಿ ಒಳಗಿಂದ ಹೊಗೆ ಬರ್ತಿದೆ!"

ಪರದೆಯಲ್ಲಿ ದೊಡ್ಡ ಹಳ್ಳ ಕಾಣಿಸಿತು. ಅದರೊಳಗಿನಿಂದ ದಟ್ಟವಾದ ಬಿಳಿ ಹೊಗೆ ಎದ್ದು, ಮೇಲಕ್ಕೆ ಹೋಗದೆ ಅಡ್ಡಡ್ಡವಾಗಿ ಹರಡುತ್ತಿತ್ತು. ಅವರು ಮಾತಿನ ನಡುವೆ ಎರಡು ಸಲ ಕೆಮ್ಮಿದರು. ಯುಮಿ ಲೋಟ ಕೆಳಗಿಟ್ಟು ನನ್ನ ಪಕ್ಕಕ್ಕೆ ಬಂದಳು.

"ಇವರಿಗೆ ಆಸ್ತಮಾ ಇದೆಯಾ?"

"ಇಲ್ಲ. ಧೂಳಿನ ಅಲರ್ಜಿ, ಅಷ್ಟೇ" ಎಂದೆ. ಮದುವೆಯ ಮಾತುಕತೆಯ ದಿನ ಅತ್ತೆಯವರು ನಮ್ಮ ಮನೆಯಲ್ಲಿ ಹೇಳಿದ್ದೂ ಅದನ್ನೇ. ಅಂದಿನಿಂದ ನಾವೆಲ್ಲ ಹಾಗೇ ಹೇಳುತ್ತಿದ್ದೆವು.

"ಇನ್‌ಹೇಲರ್ ತಗೋತಾರಾ?"

"ಹೂಂ. ಚಳಿಗಾಲದಲ್ಲಿ."

ಅವಳು ಅನುಮತಿ ಕೇಳದೆ ಫೋನ್ ಕಿತ್ತುಕೊಂಡಳು. "ಕೆಳಗೆ ಗೇಟಿನಲ್ಲಿ ನಿಮ್ಮನ್ನು ಕೇಳಲಿಲ್ಲವೇ? ಆಸ್ತಮಾ ಇರುವವರು ಮೇಲೆ ಹೋಗಬಾರದು."

"ಕೇಳಿದ್ರು. ಇಲ್ಲ ಅಂದೆ. ಇಲ್ಲವಲ್ಲ!" ಎಂದು ಗಿರೀಶ್ ನಕ್ಕರು.

ಹಿಂದೆ ಧ್ವನಿವರ್ಧಕದಲ್ಲಿ ಒಬ್ಬ ಹೆಂಗಸು ಮೆಲುದನಿಯಲ್ಲಿ ಏನೋ ಹೇಳುತ್ತಿದ್ದಳು. ನನಗೆ ಅದು ರೈಲು ನಿಲ್ದಾಣದ ಪ್ರಕಟಣೆಯಂತೆ ಕೇಳಿಸಿತು. ಯುಮಿಯ ಮುಖದ ಬಣ್ಣ ಬದಲಾಯಿತು. ಗಾಳಿ ತಿರುಗಿದೆ, ಹೊಗೆಯಲ್ಲಿ ಗಂಧಕದ ವಿಷಾನಿಲವಿದೆ, ಎಲ್ಲರೂ ಇಳಿಯಬೇಕು ಎಂದು ಅಲ್ಲಿ ಹೇಳುತ್ತಿದ್ದಾರೆ ಎಂದಳು.

ನಾನು ಫೋನಿನತ್ತ ಬಾಗಿ, "ರೀ, ಕೆಳಗಿಳೀರಿ! ಈಗಲೇ!" ಎಂದು ಕೂಗಿದೆ.

"ಅಯ್ಯೋ, ನೀನೊಬ್ಳು. ಇಲ್ಲಿ ಯಾರೂ ಓಡ್ತಿಲ್ಲ, ಕಿರುಚ್ತಿಲ್ಲ. ಎಲ್ಲಾ ಆರಾಮಾಗಿ ನಡ್ಕೊಂಡು ಹೋಗ್ತಿದಾರೆ. ಇನ್ನೊಂದು ಫೋಟೋ ತಗೊಂಡು..."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, "ನಮ್ಮವರು ಜೀವ ಉಳಿಸಿಕೊಳ್ಳುವುದೇ ಹಾಗೆ!" ಎಂದು ಯುಮಿ ಫೋನಿಗೆ ಗದರಿದಳು. "ಅವರ ಹಿಂದೆ ಹೋಗಿ. ಓಡಬೇಡಿ, ಓಡಿದರೆ ಉಸಿರು ಹೆಚ್ಚು ಎಳೆಯುತ್ತೀರಿ. ಕರ್ಚೀಫ್ ಒದ್ದೆ ಮಾಡಿ ಮೂಗು ಬಾಯಿ ಮುಚ್ಚಿಕೊಳ್ಳಿ."

ಗಿರೀಶ್ ಏನೋ ಹೇಳಹೊರಟರು. ಕೆಮ್ಮು ಬಂತು. ಈ ಸಲ ಅದು ನಿಲ್ಲಲಿಲ್ಲ. ಪರದೆಯಲ್ಲಿ ಮೊದಲು ಅವರ ಶೂ, ಆಮೇಲೆ ಬರೀ ಬಿಳಿ ಬಣ್ಣ ಕಾಣಿಸಿತು. ಕರೆ ಕಟ್ಟಾಯಿತು.

ಮತ್ತೆ ಮಾಡಿದೆ, ಹೋಗಲಿಲ್ಲ. ಶಿಫ್ಟಿನ ಹೊತ್ತಾಗಿತ್ತು. ನಾವು ಕೆಲಸ ಮಾಡುವ, ಧೂಳು ಸೋಕದಂತೆ ಕಾಯುವ ಕ್ಲೀನ್ ರೂಮಿನೊಳಗೆ ಫೋನ್ ಒಯ್ಯುವಂತಿಲ್ಲ, ಲಾಕರಿನಲ್ಲಿಟ್ಟು ಹೋಗಬೇಕು. ನಾನು ಬಾಗಿಲ ಹತ್ತಿರ ಫೋನ್ ಹಿಡಿದು ನಿಂತೇ ಇದ್ದೆ. ನಮ್ಮ ಸೂಪರ್‌ವೈಸರ್ ನೋರೀನ್ ವಿಷಯ ಕೇಳಿ, "ನೀನು ಒಳಗೆ ಬರಬೇಡ ಕಣಮ್ಮ, ಕೂತ್ಕೋ. ಯುಮಿ, ನೀನೂ ಇವಳ ಜೊತೆ ಇರು. ಕೆಲಸ ನಾವು ನೋಡ್ಕೋತೀವಿ" ಎಂದರು.

ಯುಮಿ ನನಗೆ ಸಮಾಧಾನದ ಮಾತು ಹೇಳಲಿಲ್ಲ. ಬೆಟ್ಟದ ಮೇಲೆ ಕಾವಲಿನವರು ಇರುತ್ತಾರೆ, ಕೊನೆಯ ಮನುಷ್ಯ ಇಳಿಯುವ ತನಕ ಅವರು ಇಳಿಯುವುದಿಲ್ಲ ಎಂದಷ್ಟೇ ಹೇಳಿದಳು. ಚಿಕ್ಕಂದಿನಲ್ಲಿ ಅವರ ಶಾಲೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ಹೊರಡುವುದನ್ನು ಅಭ್ಯಾಸ ಮಾಡಿಸುತ್ತಿದ್ದರಂತೆ. ಸಾಲಿನಲ್ಲಿ ಮಾತಾಡಿದರೆ ಬೈಗುಳ ಬೀಳುತ್ತಿತ್ತಂತೆ. ನಾನು ಕೇಳಿಸಿಕೊಳ್ಳುತ್ತಿದ್ದೆ, ಆದರೆ ಕೈ ಮಾತ್ರ ಫೋನನ್ನು ಒತ್ತುತ್ತಲೇ ಇತ್ತು.

ಎಷ್ಟು ಹೊತ್ತಾಯಿತೋ ತಿಳಿಯದು. ಗುರುತಿಲ್ಲದ ನಂಬರಿನಿಂದ ಕರೆ ಬಂತು.

"ನಾನೇ ಕಣೇ." ದನಿ ಒಡೆದಿತ್ತು. "ಕ್ಲಿನಿಕ್ಕಲ್ಲಿದೀನಿ. ನೆಬುಲೈಸರ್ ಹಾಕಿದ್ರು. ಈಗ ಇಲ್ಲಿಯವರು ಹೇಳೋ ಹಾಗೆ ಗ್ರ್ಯಾಂಡ್, ಆರಾಮಾಗಿದೀನಿ."

ಅವರೇ ನಿಧಾನವಾಗಿ ಹೇಳಿದರು. ಹೊಗೆಯಲ್ಲಿ ಕಣ್ಣುರಿದು ಕೂತುಬಿಟ್ಟಿದ್ದರಂತೆ. ಮುಖಕ್ಕೆ ಮಾಸ್ಕ್ ಹಾಕಿದ್ದ ಕಾವಲಿನವನೊಬ್ಬ ಬಂದು, ಒದ್ದೆ ಟವೆಲ್ ಕೊಟ್ಟು, ಎದೆ ಮುಟ್ಟಿ ತೋರಿಸಿ, "ಆಸ್ತಮಾ?" ಎಂದು ಕೇಳಿದನಂತೆ.

"ಹೌದು ಅಂದೆ. ಫಸ್ಟ್ ಟೈಮ್" ಎಂದರು. ಆತ ತಕ್ಷಣ ವ್ಯಾನಿನಲ್ಲಿ ಕೂರಿಸಿ ಕ್ಲಿನಿಕ್ಕಿಗೆ ಕಳುಹಿಸಿದನಂತೆ.

ಯುಮಿ ನನ್ನ ಹೆಗಲ ಮೇಲೆ ಕೈಯಿಟ್ಟು, ತಾನೂ ಒಂದೆರಡು ಹನಿ ಕಣ್ಣೀರು ಒರೆಸಿಕೊಂಡಳು. ಆಮೇಲೆ ಇಬ್ಬರೂ ಬಿಸಿ ಚಹಾ ತರಿಸಿಕೊಂಡು ಪೂರ್ತಿ ಕುಡಿದೆವು.

ಗಿರೀಶ್ ಮರಳಿ ಬಂದ ಭಾನುವಾರ ಮೈಸೂರಿನಿಂದ ಅತ್ತೆಯವರ ಫೋನ್ ಬಂತು. ಸ್ಪೀಕರಿನಲ್ಲಿ ಹಾಕಿ ಗಿರೀಶ್ ನಡೆದದ್ದನ್ನೆಲ್ಲ ಹೇಳಿ, "ಅಮ್ಮಾ, ಇದು ಅಲರ್ಜಿ ಅಲ್ಲ. ಆಸ್ತಮಾ" ಎಂದರು.

ಅತ್ತೆ ದನಿ ತಗ್ಗಿಸಿದರು. "ಗೊತ್ತು ಕಣೋ. ಹುಡುಗಿ ಕಡೆಯವರು ಏನಂದ್ಕೋತಾರೋ ಅಂತ ಆಗ ಹಾಗೆ ಹೇಳಿದ್ದೆ. ಆಮೇಲೆ ಬಾಯಿಗೆ ಅದೇ ಅಭ್ಯಾಸವಾಗಿಹೋಯ್ತು."

"ಅತ್ತೆ, ಹುಡುಗಿ ಇಲ್ಲೇ ಕೂತಿದಾಳೆ" ಎಂದೆ. ಮೂವರೂ ನಕ್ಕೆವು. ಅತ್ತೆಯ ನಗು ಮಾತ್ರ ಅರ್ಧಕ್ಕೇ ಅಳುವಾಯಿತು.

ಈಗ ಗಿರೀಶ್ ಅವರಿಗೆ ಸರಿಯಾದ ಔಷಧಿ ನಡೆಯುತ್ತಿದೆ, ಚಳಿಗಾಲವೂ ಹಗುರವಾಗಿ ಕಳೆಯಿತು. ಆದರೂ ಆ ಬಿಳಿ ಪರದೆ ಒಮ್ಮೊಮ್ಮೆ ಕಣ್ಣ ಮುಂದೆ ಬರುತ್ತದೆ. ಆಗ ಕೈಯಲ್ಲಿದ್ದ ಕೆಲಸ ಬಿಟ್ಟು, ಅವರಿರುವ ಕೋಣೆಗೆ ಹೋಗಿ ಒಂದು ಕ್ಷಣ ನಿಲ್ಲುತ್ತೇನೆ. ಅವರು ತಲೆಯೆತ್ತಿ, "ಏನೇ?" ಎನ್ನುತ್ತಾರೆ. ಏನಿಲ್ಲವೆಂದು ವಾಪಸ್ ಬರುತ್ತೇನೆ.