ಖಾಲಿ ಕಟ್ಟೆಯ ಮೇಲೆ ಹತ್ತು ಟನ್

ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಅದನ್ನು ಪುಟ್ಟಸ್ವಾಮಿ ಭಾವನ ಕೈಗೆ ಕೊಟ್ಟು, ಎಷ್ಟು ಕೆಜಿ ಇರಬಹುದು ಹೇಳಿ ಎಂದು ಎಲ್ಲರೂ ಅವರ ಮುಖ ನೋಡುವುದಿತ್ತು. ನನ್ನ ಯಜಮಾನರ ಅಣ್ಣ ಅವರು. ಪಾಂಡವಪುರದಲ್ಲಿ ನಮ್ಮ ಪಕ್ಕದ ಮನೆ. ಲಾರಿ, ಟ್ರಾಕ್ಟರು ತೂಗುವ ವೇಬ್ರಿಡ್ಜುಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಬೆಳಗೊಳದಿಂದ ಬೆಳ್ಳೂರಿನವರೆಗೆ ಅವರ ಓಡಾಟ. ಅಂಥವರು ಒಂದು ಅಂದಾಜು ಹೇಳಬಾರದೇ? ಮಗುವಿನ ನೆತ್ತಿ ಮೂಸಿ ವಾಪಸು ಕೊಟ್ಟುಬಿಡುತ್ತಿದ್ದರು.

"ಕೈಗೇನ್ ಗೊತ್ತಾದದು? ಕೈಗೆ ಆಸೆ ಇರ್ತದೆ, ಜಾಸ್ತಿ ಹೇಳ್ಬುಡ್ತದೆ. ಆಸ್ಪತ್ರೇಲಿ ಮಿಷಿನ್ ಅದಲ್ಲ, ಅಲ್ಲಿ ಮಲಗ್ಸಿ."

ಸಂತೆಗೆ ಹೋದರೆ ತಕ್ಕಡಿಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ತರಕಾರಿಯವನು ಎಷ್ಟು ಸುರಿದರೆ ಅಷ್ಟು. ಅಕ್ಕ, ಅಂದರೆ ಅವರ ಹೆಂಡತಿ, ದಾರಿಯುದ್ದಕ್ಕೂ ಬಯ್ಯುತ್ತಿದ್ದರು. "ನೋಡುದ್ರೆ ಡ್ಯೂಟಿ ಶುರುವಾಯ್ತದೆ ಕಣೆ. ಇವತ್ತು ಭಾನುವಾರ" ಎಂದು ಭಾವ ಚೀಲ ಹೆಗಲಿಗೇರಿಸಿಕೊಂಡು ಮುಂದೆ ನಡೆಯುತ್ತಿದ್ದರು.

ಅವರ ಹತ್ತಿರ ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆಯಿತ್ತು. ಮುಂದೆ ತಿರುಗಿಸುವ ಗುಂಡಿ, ಹಿಂದೆ ಬಾಲದಂಥ ವೈರು. ಅಕ್ಕನ ಹಳೆಯ ಹಸಿರು ರವಿಕೆ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಮಲಗಿಸಿದಂತೆ ಕಾರಿನ ಹಿಂದಿನ ಸೀಟಿನಲ್ಲಿ ಇಡುತ್ತಿದ್ದರು. ಅದರ ಹೆಸರು ಸಿಮ್ಯುಲೇಟರ್. ಏನು ಭಾವ ಇದು ಎಂದು ಒಮ್ಮೆ ಕೇಳಿದ್ದೆ. "ಲಾರಿ ನಿಂತ್ಕೊಳೊ ಕಟ್ಟೆ ಅಡೀಲಿ ಲೋಡ್‌ಸೆಲ್ಲು ಅಂತ ಇರ್ತವೆ ಕಣಮ್ಮ. ಭಾರ ಬಿದ್ದಾಗ ಮ್ಯಾಲಿರೋ ಮಿಷಿನ್ಗೆ ಸುದ್ದಿ ಕಳಿಸ್ತವೆ. ಈ ಡಬ್ಬಿ ಅವುಗಳ ವೇಷ ಹಾಕ್ಕಂಡು ಅಂತದೇ ಸುದ್ದಿ ಕಳಿಸ್ತದೆ. ನಾನು ಹತ್ತು ಟನ್ ಅಂತ ಹೇಳಿಸ್ದಾಗ ಮಿಷಿನ್ನೂ ಹತ್ತೇ ತೋರ್ಸುದ್ರೆ, ಮಿಷಿನ್ ಸರಿಯಾಗದೆ ಅಂತ."

ಒಂದು ಬಾರಿ ನಾನು ತವರಿಗೆ, ನಾಗಮಂಗಲಕ್ಕೆ, ಹೊರಟಿದ್ದೆ. ಆ ಕಡೆಯೇ ಕೆಲಸವಿದೆ, ಬಾ ಎಂದು ಭಾವ ಕಾರಿನಲ್ಲಿ ಕರೆದುಕೊಂಡು ಹೊರಟರು. ದಾರಿಯಲ್ಲೊಂದು ಖಾಸಗಿ ವೇಬ್ರಿಡ್ಜು. ಆಲೆಮನೆಗಳಿಗೆ ಹೋಗುವ ಕಬ್ಬು ಅಲ್ಲಿಯೇ ತೂಕವಾಗುವುದು. ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು, ರೈತರು ಸಿಡಿಮಿಡಿಗೊಂಡಿದ್ದರು. ಬೇರೆ ಕಡೆ ತೂಗಿಸಿದರೆ ಬರುವುದಕ್ಕಿಂತ ಇಲ್ಲಿ ಕಡಿಮೆ ಬರುತ್ತಿದೆ ಎಂದು ಅವರ ದೂರು. ಗಾಜಿನ ಕೋಣೆಯಲ್ಲಿ ಕೂತು ತೂಕ ಬರೆಯುವ ಸಾವಿತ್ರಿ ಎಂಬ ಹುಡುಗಿಯ ಮೇಲೆ ಎಲ್ಲರಿಗೂ ಗುಮಾನಿ. ಮಿಷಿನ್ನಿನಲ್ಲಿ ಕೈಚಳಕ ಕಂಡರೆ ಅವಳನ್ನು ಇವತ್ತೇ ಮನೆಗೆ ಕಳಿಸುತ್ತೇನೆಂದು ಮಾಲೀಕರು ಭಾವನಿಗೆ ಫೋನಿನಲ್ಲೇ ಹೇಳಿಬಿಟ್ಟಿದ್ದರು.

ನಾನು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತೆ. ರಬ್ಬರ್ ಬ್ಯಾಂಡೊಂದನ್ನು ಬೆರಳಿಗೆ ಸುತ್ತಿ ಸುತ್ತಿ ಅವಳ ಬೆರಳ ತುದಿ ಬೆಳ್ಳಗಾಗಿತ್ತು. ಬೆಳಿಗ್ಗೆ ತಂದ ತಿಂಡಿಯ ಡಬ್ಬಿ ಮುಚ್ಚಿದಂತೆಯೇ ಇತ್ತು.

ಭಾವ ಯಾರೊಡನೆಯೂ ಮಾತಾಡದೆ ಕಟ್ಟೆಯಿಂದ ಬಂದ ವೈರನ್ನು ಮಿಷಿನ್ನಿನಿಂದ ಕಳಚಿ, ತಮ್ಮ ಡಬ್ಬಿಯ ವೈರು ಸಿಕ್ಕಿಸಿ, ಗುಂಡಿ ತಿರುಗಿಸಿದರು. ಮಿಷಿನ್ನಿನಲ್ಲಿ ಹತ್ತು ಟನ್ ಮೂಡಿತು. ಹೊರಗೆ ಕಂಬದ ಮೇಲಿದ್ದ ದೊಡ್ಡ ಬೋರ್ಡಿನಲ್ಲೂ ಕೆಂಪಗೆ ಅದೇ ಅಂಕಿ.

"ನೋಡ್ರಲಾ ಇಲ್ಲಿ! ಕಟ್ಟೆ ಮ್ಯಾಲೆ ಒಂದು ನೊಣಾನೂ ಇಲ್ಲ, ಹತ್ತು ಟನ್ ಬತ್ತಾ ಅದೆ!" ತಲೆಗೆ ಟವೆಲ್ ಸುತ್ತಿದ್ದವರೊಬ್ಬರು ಕೂಗಿದರು. "ಕಳ್ಳ ಡಬ್ಬಿ ಇಕ್ಕಂಡವ್ರೆ ಕಣ್ಲಾ!"

ಕ್ಷಣದಲ್ಲಿ ಬಾಗಿಲ ತುಂಬ ಜನ. ಸಾವಿತ್ರಿ ನನ್ನ ಸೆರಗು ಹಿಡಿದುಕೊಂಡಳು. ಭಾವ ಕುರ್ಚಿ ಬಿಟ್ಟು ಎದ್ದರು.

"ಬಾರಣ್ಣ ಒಳಿಕ್ಕೆ. ನೀನೇ ಕೂತ್ಕೊ. ನೀನೇ ತಿರುಗ್ಸು."

"ನಂಗ್ಯಾಕೆ ನಿನ್ ಡಬ್ಬಿ? ನಾ ಮುಟ್ಟಕಿಲ್ಲ."

"ಕಚ್ಚಕಿಲ್ಲ, ಮುಟ್ಟು."

ಟವೆಲಿನವರು ಕೂತು ಒಂದು ಬೆರಳಿನಿಂದ ತಿರುಗಿಸಿದರು. ಐದಕ್ಕೆ ಐದು, ಹತ್ತಕ್ಕೆ ಹತ್ತು, ಸೊನ್ನೆಗೆ ಸೊನ್ನೆ. ಹಿಂದಿದ್ದವರು, "ಇಪ್ಪತ್ತಕ್ಕಿಕ್ಕಣ್ಣೋ, ನಿನ್ ಗದ್ದೇಲಿ ಯಾವತ್ತೂ ಅಷ್ಟು ಬೆಳ್ದಿಲ್ಲ" ಎಂದು ಛೇಡಿಸಿದರು. ಟವೆಲಿನವರೂ ನಕ್ಕುಬಿಟ್ಟರು.

"ಮಿಷಿನ್ ನೀನು ಹೇಳ್ದಂಗೇ ಕೇಳ್ತಾ ಅದೆ, ಅಲ್ವಾ? ಅಂದ್ರೆ ಈ ಹುಡ್ಗಿ ಏನೂ ಮಾಡಿಲ್ಲ," ಎಂದರು ಭಾವ. "ತಪ್ಪು ಇರೋದು ಕೆಳಗೆ. ನಡೀರಿ, ಎಲ್ರೂ ಬಗ್ಗಿ ನೋಡವ."

ಕಟ್ಟೆಗೂ ಪಕ್ಕದ ಕಾಂಕ್ರೀಟ್ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು ಇರಬೇಕಂತೆ. ಕಬ್ಬಿನ ಸೋಗೆ, ಮಣ್ಣು, ಜಲ್ಲಿಕಲ್ಲು ಸೇರಿ ಅದು ಗಟ್ಟಿಯಾಗಿ ಮುಚ್ಚಿಹೋಗಿತ್ತು. ಟ್ರಾಕ್ಟರಿನ ಭಾರದಲ್ಲಿ ಒಂದು ಪಾಲನ್ನು ಆ ಗೋಡೆಯೇ ಹೊತ್ತುಕೊಳ್ಳುತ್ತಿತ್ತು. ರೈತರೇ ಹಾರೆ ಹಿಡಿದು ಕೆದಕಿದರು. ಬೇರೆ ಕಡೆ ತೂಗಿಸಿ ತಂದಿದ್ದ ಟ್ರಾಕ್ಟರನ್ನೇ ಮತ್ತೆ ಹತ್ತಿಸಿ ನೋಡಿದಾಗ ಎರಡೂ ತೂಕ ತಾಳೆಯಾಯಿತು. ಸಾವಿತ್ರಿ ಆಗ ತಿಂಡಿಯ ಡಬ್ಬಿ ತೆರೆದಳು.

ಕಾರು ಹತ್ತಿದ ಮೇಲೆ ಭಾವ, "ಜನಕ್ಕೆ ಒಂದು ಮಾತು ಹೇಳ್ದೆ ಡಬ್ಬಿ ಸಿಕ್ಕಿಸ್ಬುಟ್ಟೆ ನೋಡು. ನನ್ ದೆಸೆಯಿಂದ ಆ ಮಗೀಗೆ ಏಟು ಬೀಳ್ತಿತ್ತು" ಎಂದರು. ಅಂದಿನಿಂದ ಯಾವ ಊರಿನಲ್ಲೇ ಆಗಲಿ, ಹೊರಗೆ ನಿಂತವರನ್ನು ಮೊದಲು ಒಳಗೆ ಕರೆದು, ಆಮೇಲೇ ಡಬ್ಬಿಗೆ ಸುತ್ತಿದ ಬಟ್ಟೆ ಬಿಚ್ಚುತ್ತಿದ್ದರಂತೆ.

ಹೋದ ವರ್ಷ, ಕಬ್ಬು ಕಡಿಯುವ ಕಾಲದಲ್ಲೇ, ಎದೆನೋವು ಎಂದು ಕೂತ ಭಾವ ಮತ್ತೆ ಏಳಲಿಲ್ಲ. ತಿಥಿಯ ದಿನ ನಡು ಮಧ್ಯಾಹ್ನ ಸಾವಿತ್ರಿ ಬಂದಳು. ಫೋಟೋಗೆ ಹೂವಿಟ್ಟು, ಅಕ್ಕನ ಪಕ್ಕ ಕೂತಳು. ಎಲೆ ಹಾಕಿದ್ದೇವೆ, ಊಟಕ್ಕೆ ಏಳು ಎಂದೆ.

"ಆಮೇಲೆ ಮಾಡ್ತೀನಿ ಅಕ್ಕ. ವೇಬ್ರಿಡ್ಜಿಗೆ ಬೀಗ ಹಾಕ್ಕಂಡ್ ಬಂದಿವ್ನಿ. ಟ್ರಾಕ್ಟರು ರೋಡ್ಗಂಟ ನಿಂತವೆ."

ನಾನು ಕಬ್ಬು ಬೆಳೆಯುವವರ ಮನೆಯ ಮಗಳು. ಕಡಿದ ಕಬ್ಬು ಬಿಸಿಲಲ್ಲಿ ಕಾದಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ; ಆ ಸಾಲಿನಲ್ಲಿ ನಿಂತವರಿಗೆ ಒಂದೊಂದು ಗಳಿಗೆಯೂ ನಷ್ಟವೇ.

"ರೈತರು ಏನೂ ಅನ್ನಲಿಲ್ಲವಾ?"

"ಸುದ್ದಿ ಹೇಳ್ದೆ. ಟವೆಲ್ ಅಣ್ಣ ಟ್ರಾಕ್ಟರ್ ಆಫ್ ಮಾಡ್ಬುಟ್ಟು ಇಳಿದ್ರು. ಹೋಗ್ಬುಟ್ಟು ಬಾರವ್ವ, ಒಣಗುದ್ರೆ ಒಣಗ್ಲಿ, ಅಂದ್ರು."