ಗ್ಯಾಸೋ ಕರೆಂಟೋ ಎಂದು ಜಗಳಾಡಿದ ವರ್ಷ

ಹಗರಿಬೊಮ್ಮನಹಳ್ಳಿಯಲ್ಲಿ ನಾವು ಮನೆ ಕಟ್ಟಿಸಿದ್ದು ಮಗಳ ಬಾಣಂತನಕ್ಕೆ. ಬೇರೆ ಕಾರಣ ಇರಲಿಲ್ಲ. ಬಾಡಿಗೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಇಪ್ಪತ್ತು ವರ್ಷ ಇದ್ದವರು ಇನ್ನೂ ಇಪ್ಪತ್ತು ವರ್ಷ ಇರುತ್ತಿದ್ದೆವು. ಇದ್ದ ಒಬ್ಬಳೇ ಮಗಳನ್ನು ಹರಪನಹಳ್ಳಿಗೆ ಕೊಟ್ಟಿದ್ದೆವು. ಅವಳು ಬಸುರಿ ಎಂಬ ಸುದ್ದಿ ಬಂದ ದಿನ ನನ್ನ ಗಂಡ, ಸೇಂಗಾ ಮಂಡಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದವರು, ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ಚೊಚ್ಚಲ ಹೆರಿಗಿ ಮಂದಿ ಮನ್ಯಾಗ ಬ್ಯಾಡಲೇ. ಸ್ಟೇಷನ್ ಕಡೆ ಜಾಗ ಐತೆಲ್ಲ, ಎರಡು ಖೋಲಿ ಎಬ್ಬಿಸಿ ಬಿಡ್ತೀನಿ."

"ಕೂಸು ಒಂಬತ್ತು ತಿಂಗಳಿಗೆ ಬರತೈತಿ. ನಿಮ್ಮ ಮನಿ ಯಾವಾಗ ಬರತೈತ್ರಿ?" ಎಂದೆ.

ಮನೆಯೂ ಒಂಬತ್ತು ತಿಂಗಳಿಗೇ ಬಂತು. ಗೋಡೆ ಎದ್ದು ನಿಂತಿದ್ದಾಗ ಕುಬುಸ ಮುಗಿಸಿ ಏಳನೇ ತಿಂಗಳಿಗೆ ಮಗಳನ್ನು ಕರೆತಂದೆವು. ಅವಳು ಬಂದ ಮೇಲೆ ಜಗಳ ಹತ್ತಿತು. ಹೊಸ ಮನೆಯಲ್ಲಿ ಅಡಿಗೆಗೆ, ಬಾಣಂತಿಯ ಬಿಸಿನೀರಿಗೆ ಏನು? ಕಟ್ಟಿಗೆ ಒಲೆ ಬೇಡ ಎಂಬುದಕ್ಕೆ ಮೂವರದೂ ಒಪ್ಪಿಗೆ ಇತ್ತು. ಮಗಳಿಗೆ ಗ್ಯಾಸ್ ಬೇಕು. ಹರಪನಹಳ್ಳಿಯಲ್ಲಿ ಅವರ ಪಕ್ಕದ ಮೇಷ್ಟ್ರ ಮನೆಯಲ್ಲಿ ನೋಡಿದ್ದಳು.

"ಅವ್ವ, ಕಡ್ಡಿ ಕೊರದ್ರ ಸಾಕು, ಹೊತ್ತತೈತಿ. ಹೊಗಿ ಇಲ್ಲ, ಬೂದಿ ಇಲ್ಲ. ಊದಿ ಊದಿ ನಿನ್ನ ಕಣ್ಣು ನೋಡಿಕೋ, ಹಣ್ಣು ಮೆಣಸಿನಕಾಯಿ ಆಗ್ಯಾವು."

"ಅದು ಬಾಂಬ್ ಇದ್ದಂಗಂತ. ನೀ ಬಸುರಿ, ನಾ ಮುದುಕಿ. ಓಡಾಕ ಇಬ್ಬರಿಗೂ ಆಗಂಗಿಲ್ಲ."

"ಮತ್ತ ಕರೆಂಟ್ ಒಲಿ ಶಾಕ್ ಹೊಡದ್ರ ಓಡ್ತೀಯೇನು?"

ನನ್ನ ಕಡೆಗೆ ಒಬ್ಬರು ವಕೀಲರಿದ್ದರು. ಹೊಸ ಮನೆಯ ಎದುರಿಗೇ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ ಸಾಬರು. ನಮ್ಮ ಮನೆಯ ವೈರಿಂಗ್ ಅವರದೇ. ವೈರು ಎಲ್ಲೆಲ್ಲಿ ಎಂದು ಗೋಡೆ ಅಳೆಯುತ್ತ ಹೇಳಿದರು: "ಅಕ್ಕಾ, ಗ್ಯಾಸಿನ ಮ್ಯಾಲ ಫ್ಯಾನ್ ತಿರಗತೈತೇನು? ಕರೆಂಟ್ ಅಂದ್ರ ಒಂದ ತಂತ್ಯಾಗ ಬಿಸಿ ಬೇಕಂದ್ರ ಬಿಸಿ, ತಂಪು ಬೇಕಂದ್ರ ತಂಪು."

"ಸಂಜಿಗೆ ದೀಪಾನ ಮಿಣಮಿಣ ಅಂತೈತಿ ಸಾಬ್ರ, ಬ್ಯಾಳಿ ಬೇಯತೈತೇನು?" ಎಂದರು ನನ್ನ ಗಂಡ.

"ಬ್ಯಾಳಿ ಮಧ್ಯಾಹ್ನ ಬೇಯಿಸ್ರಿ ಅಣ್ಣಾರ. ಸಂಜಿಗೆ ಅದ ಸಾರು ಉಣ್ರಿ."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಬೇಡ, ನೋವು ಬಂದೀತು ಎಂದು ಬೈದೆ.

ಗಂಡ ಹೊಸಪೇಟೆಗೆ ಹೋಗಿ ಗ್ಯಾಸಿಗೆ ಹೆಸರು ಬರೆಸಿ ಬಂದರು. ಅವರು ತಂದ ಕಾಗದವನ್ನು ನಾನು ಓದಿದೆ. ಮೂರನೇ ಕ್ಲಾಸಿನ ಓದು, ಅಕ್ಷರ ಸಿಕ್ಕವು, ಅರ್ಥ ಸಿಗಲಿಲ್ಲ. ಪಾಳಿ ಬರಬೇಕು, ಎಷ್ಟು ತಿಂಗಳೋ ಹೇಳಲು ಬರುವುದಿಲ್ಲ ಎಂದರಂತೆ. ಹೆರಿಗೆ ಪಾಳಿ ಕಾಯುವುದಿಲ್ಲವಲ್ಲ. ಕರೆಂಟೇ ಗೆದ್ದಿತು. ಸುರುಳಿ ತಂತಿಯ ಒಲೆ, ಕೊಡದಲ್ಲಿ ಮುಳುಗಿಸಿ ನೀರು ಕಾಯಿಸುವ ರಾಡು, ಬಾಣಂತಿಯ ಖೋಲಿಗೆ ಒಂದು ಫ್ಯಾನು.

ಸ್ಲ್ಯಾಬ್ ಹಾಕುವ ಹಿಂದಿನ ದಿನ ಗೌಂಡಿ ಮೇಲಿನಿಂದ ಕೂಗಿ ಕೇಳಿದ. "ಅಮ್ಮಾರ, ಗವಾಕ್ಷಿ ಬಿಡ್ಲೇನ್ರಿ?"

ನಮ್ಮ ಮಾಳಿಗೆ ಮನೆಗಳಲ್ಲಿ ಪ್ರತಿ ಖೋಲಿಗೂ ನೆತ್ತಿಯ ಮೇಲೆ ಒಂದು ತೂತು ಇರುತ್ತದೆ. ಅದೇ ಗವಾಕ್ಷಿ. ಬೆಳಕು ಅದರಲ್ಲೇ ಇಳಿಯಬೇಕು, ಹೊಗೆ ಅದರಲ್ಲೇ ಹತ್ತಬೇಕು. ಮಳೆ ಬಂದರೆ ಏಣಿ ಹತ್ತಿ ಅದನ್ನು ಮುಚ್ಚುವುದು ಹೆಂಗಸರ ಪಾಲು.

"ಬ್ಯಾಡಪ್ಪ. ಮುಚ್ಚಿ ತಗದು ಇಪ್ಪತ್ತು ವರ್ಷ ಸಾಕಾಗೈತಿ. ಗ್ಯಾಸರ ಬರಲಿ, ಕರೆಂಟರ ಬರಲಿ, ಹೊಗಿ ಎಲ್ಲೈತಿ? ಬಂದ್ ಮಾಡು," ಎಂದೆ. ಅವನಿಗೂ ಕೆಲಸ ಕಡಿಮೆಯಾಯಿತು. ಗಂಡ ಮಂಡಿಯಲ್ಲಿದ್ದರು, ಮಗಳು ಮಲಗಿದ್ದಳು. ಹೇಳಿದವಳು ನಾನು.

ಯುಗಾದಿ ಆದ ಮೇಲೆ ಆಸ್ಪತ್ರೆಯಲ್ಲಿ ಹೆರಿಗೆ ಸಲೀಸಾಗಿ ಆಯಿತು. ಹೆಣ್ಣು ಕೂಸು. ಮೂರನೇ ದಿನ ಮನೆಗೆ ತಂದೆವು. ಮಣ್ಣಿನ ಮಾಳಿಗೆಯ ಕೆಳಗೆ ಹುಟ್ಟಿ ಬೆಳೆದ ನನಗೆ ಸ್ಲ್ಯಾಬಿನ ಧಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಆ ಖೋಲಿ ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಮಗಳು ಫ್ಯಾನಿನ ಕಡೆ ನೋಡುತ್ತಿದ್ದಳು.

"ಒಂದ ಗಳಿಗಿ ಹಚ್ಚವ್ವ."

"ಬಾಣಂತಿಗೆ ಗಾಳಿ ಬಡದ್ರ ಸನ್ನಿ ಆಗತೈತಿ. ನಾ ಇರೂತನ ಅದು ತಿರಗಂಗಿಲ್ಲ," ಎಂದು ಸ್ವಿಚ್ಚಿಗೆ ಅರಿವೆ ಕಟ್ಟಿದೆ.

ನೀರಿಗೆ ಕರೆಂಟು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಎರೆದ ಮೇಲೆ ಬೇಕಾದ ಕೆಂಡವನ್ನು ಮಾತ್ರ ಅದು ಕೊಡಲಿಲ್ಲ. ನಮ್ಮಲ್ಲಿ ಬಾಣಂತಿಗೆ ಎರೆದು ಹೊರಸಿನ ಮೇಲೆ ಮಲಗಿಸಿ, ಕೆಳಗೆ ಶಗಡಿಯಲ್ಲಿ ಕೆಂಡ ಇಟ್ಟು, ಮೇಲೆ ಓಂಕಾಳು, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಕಾವು ಕೊಡುತ್ತೇವೆ. ಸೊಂಟ ಗಟ್ಟಿಯಾಗಬೇಕು, ಕೂಸಿಗೆ ಶೀತ ಹತ್ತಬಾರದು. ಹಳೆಯ ಓಣಿಯಲ್ಲಿ ಈ ಕೆಲಸಕ್ಕೆ ನನ್ನನ್ನೇ ಕರೆಯುತ್ತಿದ್ದರು. ನನ್ನ ಕೈಯಲ್ಲಿ ಕಾಸಿಕೊಂಡು ಎದ್ದವರು ಓಣಿತುಂಬ ಇದ್ದರು. ಗ್ಯಾಸೋ ಕರೆಂಟೋ ಎಂದು ಎರಡು ತಿಂಗಳು ಬಾಯಿ ನೋಯಿಸಿಕೊಂಡ ಮೂವರಲ್ಲಿ ಒಬ್ಬರಿಗೂ ಈ ಕೆಂಡದ ನೆನಪು ಬಂದಿರಲಿಲ್ಲ. ಹಳೆಯ ಮನೆಯಿಂದ ಶಗಡಿ ತರಿಸಿದೆ. ಹಿತ್ತಲಲ್ಲಿ ಕುಳ್ಳು, ಇದ್ದಿಲು ಹೊತ್ತಿಸಿ ಒಳಗೆ ಒಯ್ಯುತ್ತಿದ್ದೆ.

ಮೊದಲ ಕೆಲವು ದಿನ ನಾನು ಒಳಗೆ ಹೊರಗೆ ತಿರುಗಾಡುತ್ತಿದ್ದೆ, ಬಾಗಿಲು ತೆರೆದು ಮುಚ್ಚಿ ಆಗುತ್ತಿತ್ತು. ಹನ್ನೊಂದನೇ ದಿನ ಗಾಳಿ ಎದ್ದಿತು, ಊರೆಲ್ಲ ಧೂಳು. ಕಿಟಕಿಗೆ ಗೋಣಿಚೀಲ ತುರುಕಿದೆ. ಇನ್ನೆರಡು ದಿನಕ್ಕೆ ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು, ನೆಂಟರು ಬರುವವರಿದ್ದರು, ಅರಿವೆಯೆಲ್ಲ ಒಗೆಯದೆ ಬಿದ್ದಿದ್ದವು. ತಾಯಿ ಮಗುವಿಗೆ ಎರೆದು, ಮಲಗಿಸಿ, ಶಗಡಿ ಇಟ್ಟೆ.

"ಅವ್ವ, ತಲಿ ಸಿಡಿಯಾಕ ಹತ್ತೈತಿ. ಇವತ್ತ ಶಗಡಿ ಬ್ಯಾಡ," ಎಂದಳು.

"ಒಂಬತ್ತು ತಿಂಗಳು ಹೊತ್ತಾಕಿಗೆ ಒಂದು ತಾಸು ಕಾವು ತಡ್ಯಾಕ ಆಗಂಗಿಲ್ಲೇನು? ಸುಮ್ಮನ ಮಕ್ಕೋ."

ಅವಳು ಸುಮ್ಮನೆ ಮಲಗಿದಳು. ಸಣ್ಣವಳಿದ್ದಾಗಿನಿಂದಲೂ ಹೇಳಿದ ಮಾತು ಕೇಳುವವಳು. ಬಾಗಿಲು ಎಳೆದು, ಅರಿವೆ ಎತ್ತಿಕೊಂಡು ಬೋರಿಂಗ್ ಪಂಪಿನ ಕಡೆ ಹೋದೆ. ಅಲ್ಲಿ ಪಾಳಿ ಇತ್ತು, ಹೆಂಗಸರಿದ್ದರು, ಮಾತಿದ್ದವು. ಕೂಸು ಯಾರನ್ನು ಹೋಲುತ್ತದೆ ಎಂದು ಕೇಳಿದರು. ಮೂಗು ನನ್ನದು ಎಂದೆ.

ತಿರುಗಿ ಬಂದು ಬಾಗಿಲು ತೆರೆದಾಗ ಇಬ್ಬರೂ ಮಲಗಿದ್ದರು. ಕೂಸಿನ ಮುಖ ಕೆಂಪಗೆ ಹೊಳೆಯುತ್ತಿತ್ತು. ಕಾವು ಚೆನ್ನಾಗಿ ಹತ್ತಿದೆ ಎಂದುಕೊಂಡೆ. ಹಾಗೆಂದುಕೊಂಡು ಒದ್ದೆ ಅರಿವೆಯನ್ನು ಹಗ್ಗಕ್ಕೆ ಹಾಕಲು ಹಿತ್ತಲಿಗೂ ಹೋದೆ. ಎಲ್ಲ ಒಣಗಹಾಕಿ ಬಂದು ಕೂಸನ್ನು ಎತ್ತಿದಾಗ ಅದರ ಕುತ್ತಿಗೆ ನಿಲ್ಲಲಿಲ್ಲ. ಹುಟ್ಟಿದ ಕೂಸಿಗೆ ಕುತ್ತಿಗೆ ನಿಲ್ಲುವುದಿಲ್ಲ, ಗೊತ್ತು. ಇದು ಹಾಗಲ್ಲ.

ನಾನು ಕೂಗಿದ್ದು ಕೇಳಿ ಸಾಬರು ಓಡಿ ಬಂದರು. ಮಗಳಿದ್ದ ಹೊರಸನ್ನು ಎಳೆದು ಅಂಗಳಕ್ಕೆ ಹಾಕಿದರು. ಬಹಳ ಹೊತ್ತಿನ ಮೇಲೆ ಅವಳು ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಪಕ್ಕವನ್ನು ತಡವಿ ನೋಡಿದಳು.

"ಕೂಸೆಲ್ಲಿ?"

ನನ್ನ ಮಡಿಲಲ್ಲಿತ್ತು. ಕೊಡಲಿಲ್ಲ.

"ಇದು ಕೆಂಡದ ವಿಷಗಾಳಿ. ಕಣ್ಣಿಗೆ ಕಾಣೋದಿಲ್ಲ, ಮೂಗಿಗೆ ತಿಳಿಯೋದಿಲ್ಲ. ಖೋಲ್ಯಾಗ ಗಾಳಿ ಹೋಗಾಕ ದಾರಿ ಇದ್ದಿಲ್ಲೇನ್ರಿ?" ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು.

ನನ್ನ ಗಂಡ ತಲೆ ಎತ್ತಿ ಅಲ್ಲಿಯ ಚಾವಣಿ ನೋಡಿದರು. ನಾನೇ ಹೇಳಿದೆ, ಇದ್ದಿಲ್ಲರಿ, ಬ್ಯಾಡಂದಿದ್ದೆ ಎಂದು. ಓಣಿಯ ಅಷ್ಟು ಬಾಣಂತಿಯರು ನನ್ನ ಕೈಗುಣದಿಂದ ಎದ್ದರು ಎಂದು ನಾನು ಹೆಮ್ಮೆಪಟ್ಟಿದ್ದೆ. ಅವರನ್ನು ಉಳಿಸಿದ್ದು ನೆತ್ತಿಯ ಮೇಲಿನ ತೂತು.

ಅಳಿಯ ಬಂದ, ಮಣ್ಣು ಮಾಡಿ ಹೋದ. ಮಗಳು ಇನ್ನೊಂದು ತಿಂಗಳು ನಮ್ಮಲ್ಲಿದ್ದಳು. ಸ್ವಿಚ್ಚಿನ ಅರಿವೆಯನ್ನು ನನ್ನ ಗಂಡನೇ ಬಿಚ್ಚಿದರು. ಫ್ಯಾನು ಹಗಲೆಲ್ಲ ತಿರುಗುತ್ತಿತ್ತು, ಅವಳು ಅದರ ಕೆಳಗೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಎದೆಹಾಲು ಬತ್ತಲೆಂದು ಅವಳ ಎದೆಗೆ ಬಟ್ಟೆ ಬಿಗಿದು ಕಟ್ಟಿದವಳೂ ನಾನೇ. ಬೈಯಲಿಲ್ಲ ಅವಳು. ಬೈದಿದ್ದರೆ ನಾನೂ ಒಂದು ಮಾತು ಆಡುತ್ತಿದ್ದೆ.

ಶ್ರಾವಣದಲ್ಲಿ ಗ್ಯಾಸು ಬಂತು. ಗಂಡ ಸಿಲಿಂಡರನ್ನು ಒಳಗೆ ಉರುಳಿಸಿಕೊಂಡು ಬಂದು ನಿಲ್ಲಿಸಿದರು. ಅರಿಶಿನ ಕುಂಕುಮ ಹಚ್ಚಲು ನಾನು ಏಳಲಿಲ್ಲ. ಅದೇ ವಾರ ಗೌಂಡಿಯನ್ನು ಕರೆಸಿ ಎರಡೂ ಖೋಲಿಗೆ ಗೋಡೆಯ ಮೇಲ್ಭಾಗದಲ್ಲಿ ಗಾಳಿಯಾಡಲು ಜಾಲಿ ಹಾಕಿಸಿದರು. ಅವನು ಒಡೆಯುತ್ತಿದ್ದಾಗ ಇಟ್ಟಿಗೆ ಚೂರೆಲ್ಲ ಖಾಲಿ ಹೊರಸಿನ ಮೇಲೆ ಬಿದ್ದವು.

ಎರಡು ವರ್ಷದ ಮೇಲೆ ಮಗಳ ಕಾರ್ಡು ಬಂತು. ಮತ್ತೆ ಬಸುರಿ, ಈ ಸಲ ಹೆರಿಗೆ ಇಲ್ಲೇ, ಬಸ್ಸಿನಲ್ಲಿ ಕುಲುಕಾಡಬಾರದು ಎಂದು ಡಾಕ್ಟರು ಹೇಳಿದ್ದಾರೆ ಎಂದು ಬರೆದಿದ್ದಳು. ಹರಪನಹಳ್ಳಿ ಎಷ್ಟು ದೂರ ಎಂದು ನನಗೆ ಗೊತ್ತಿಲ್ಲವೇ? ಗಂಡು ಕೂಸಾದ ಸುದ್ದಿ ತಿಳಿದು ಅಂಟಿನುಂಡೆ, ತುಪ್ಪ ಕಟ್ಟಿಕೊಂಡು ಹೋದೆ. ಬಚ್ಚಲಲ್ಲಿ ಅವಳ ಅತ್ತೆ ಕಾಲು ಚಾಚಿ ಕೂತು ಕೂಸಿಗೆ ಎರೆಯುತ್ತಿದ್ದರು. ಅದು ತಾಯಿಯ ತಾಯಿ ಮಾಡುವ ಕೆಲಸ. ನಾನು ಸೀರೆ ಎತ್ತಿ ಕಟ್ಟಿದೆ.

"ಅತ್ತಿಯಾರು ಎರೀತಾರ ಬಿಡವ್ವ. ನೀ ದಣದು ಬಂದೀದಿ, ಕುಂದ್ರು," ಎಂದಳು ಮಗಳು.

ಕೂತೆ. ಅವರು ಕೂಸನ್ನು ಸುತ್ತಿ ತಂದಾಗ ನಾನು ಕೈ ಚಾಚಿದೆ. ಮಗಳು ನಡುವೆ ಬಂದು ತಾನೇ ಎತ್ತಿಕೊಂಡಳು. ಅತ್ತೆ ನೋಡಿಯೂ ನೋಡದಂತೆ ಒಳಗೆ ಹೋದರು, ಒಳ್ಳೆಯ ಹೆಂಗಸು.

"ನನ್ನ ಮ್ಯಾಲ ಸಿಟ್ಟೈತೇನವ್ವ?" ಎಂದು ಕೇಳಿದೆ.

"ಸಿಟ್ಟಿಲ್ಲವ್ವ," ಎಂದಳು. ಕೂಸಿನ ತಲೆ ಒರೆಸುತ್ತಲೇ ಇದ್ದಳು. "ಅಂಜಿಕಿ ಐತಿ."

ಊಟ ಮಾಡಿಸಿ, ಕುಂಕುಮ ಹಚ್ಚಿ, ಮೂರು ಗಂಟೆಯ ಬಸ್ಸಿಗೆ ಕಳಿಸಿದಳು. ಆ ಮೊಮ್ಮಗನನ್ನು ನಾನು ಮೊದಲ ಸಲ ಎತ್ತಿಕೊಂಡಾಗ ಅವನಿಗೆ ನಡೆಯಲು ಬರುತ್ತಿತ್ತು. ಎತ್ತಿದೊಡನೆ ಇಳಿಸು ಎಂದು ಒದ್ದಾಡಿದ. ಇಳಿಸಿದೆ.